ಮೊದಲ ಸಲ ಮ್ಯೂಟ್ ಮಾಡಿ ತೋರಿಸಿ
ಸಿನಿಮಾ ತೋರಿಸಿ ಹೊಸ ಭಾಷೆ ಕಲಿಸುವವರು ಎರಡು ನಿಮಿಷದ ಒಂದೇ ದೃಶ್ಯ ಆರಿಸಿ, ಮೊದಲ ಸಲ ಮ್ಯೂಟ್ ಮಾಡಿ ತೋರಿಸಿ. ಪಾತ್ರಗಳು ಏನು ಮಾತಾಡುತ್ತಿರಬಹುದು ಅಂತ ಕಲಿಯುವವರೇ ಹೇಳಲಿ. ಆಮೇಲೆ ಸೌಂಡ್ ಕೊಡಿ. ಒಬ್ಬಳು ಗಡಿಯಾರ ನೋಡಿ ಗಡಿಬಿಡಿಯಲ್ಲಿ ಚೀಲ ಎತ್ತಿಕೊಂಡರೆ ‘ಅಯ್ಯೋ, ತಡವಾಯ್ತು’ ಅಂದಿರಬೇಕು ಅಂತ ಯಾರಿಗಾದರೂ ಹೊಳೆಯುತ್ತದೆ, ಅಲ್ವಾ? ಅರ್ಥ ಮೊದಲೇ ತಲೆಯಲ್ಲಿದ್ದರೆ ಕಿವಿ ಪದಗಳನ್ನಷ್ಟೇ ಹಿಡಿದರೆ ಸಾಕು. ಸಬ್‌ಟೈಟಲ್ ಮೂರನೇ ಸಲಕ್ಕಿರಲಿ, ಅದೂ ಕಲಿಯುವ ಭಾಷೆಯದೇ. ತಮ್ಮ ಭಾಷೆಯದು ಹಾಕಿದರೆ ಸುಮ್ನೆ ಓದುತ್ತಾ ಕೂತುಬಿಡುತ್ತಾರೆ. ಸುದ್ದಿ, ಸಂದರ್ಶನದ ವಿಡಿಯೊಗಳಿಗೆ ಇದು ಆಗಿಬರುವುದಿಲ್ಲ, ನೋಡಿ ಊಹಿಸಲು ಅಲ್ಲಿ ಸಾಮಾನ್ಯವಾಗಿ ಹೆಚ್ಚೇನೂ ಇರುವುದಿಲ್ಲ. ಡಬ್ ಆದ ಸಿನಿಮಾ ಆದರೆ ಮೊದಲು ನೀವೇ ನೋಡಿಕೊಳ್ಳಿ. ಎಷ್ಟೋ ಸಲ ಕೇಳುವ ಮಾತೇ ಒಂದು, ಕೆಳಗೆ ಬರುವ ಸಾಲೇ ಇನ್ನೊಂದು.