ಫ್ರೆಂಚ್ ಕಲಿಯೋ ಮುಂದ ಇಂಗ್ಲಿಷ್ ಬದಿಗಿಡ್ರಿ, ಕನ್ನಡ ಹಿಡೀರಿ

ಧಾರವಾಡದಾಗ ಫ್ರೆಂಚ್ ಕಲಿಯಾಕ ಶುರು ಮಾಡಿದಾಗ ನಾನೂ ಎಲ್ಲಾರ ಹಂಗ ಪ್ರತಿ ಸಾಲು ಇಂಗ್ಲಿಷ್‌ಗೆ ಹಚ್ಚಿ ನೋಡತಿದ್ದೆ, ಅರ್ಧ ತಪ್ಪು ಅಲ್ಲೇ ಹುಟ್ಟತಿದ್ವು. ಆಮೇಲೆ ತಿಳೀತು, ಎಷ್ಟೋ ಕಡೆ ನಮ್ಮ ಮಾತ ಫ್ರೆಂಚಿಗೆ ಹತ್ರ ಐತಿ.

ಹಸಿವಿನ ಮಾತು ತಗೋರಿ. ಇಂಗ್ಲಿಷ್ ಹಿಡಿದು ಹೋದವರು 'ಜ ಸುಯಿ ಫ್ಯಾಂ' ('ನಾ ಹಸಿವಿ' ಅಂದಂಗ) ಅಂತಾರ, ತಪ್ಪು, 'ಜೆ ಫ್ಯಾಂ' ಅನಬೇಕು, ಅಂದ್ರ ನನ್ನ ಹತ್ರ ಹಸಿವಿ ಐತಿ ಅಂದಂಗ. ನಾವೂ 'ನಾ ಹಸಿವಿ' ಅನ್ನಂಗಿಲ್ಲ, 'ನನಗ ಹಸಿವ್ಯಾಗೈತಿ' ಅಂತೀವಿ. 'ನನಗ ಇಪ್ಪತ್ತು ವರ್ಸ', 'ನನಗ ಒಬ್ಬಾಕಿ ತಂಗಿ ಅದಾಳ', ಇವಕ್ಕೂ 'ಜೆ'ನ ಬರೋದು. ಆದ್ರ 'ನನಗ ಇದು ಸೇರತೈತಿ' ಅನ್ನಾಕ ಮಾತ್ರ 'ಸಾ ಮ ಪ್ಲೆ', ಅದರಾಗೂ ಸೇರೋ ವಸ್ತುನ ಮೊದಲ, 'ನನಗ' ಆಮೇಲೆ.

'ದಪುಯಿ' ಅಂದ್ರ ನಮ್ಮ 'ಇಂದ'. ಎರಡು ವರ್ಸದಿಂದ ಧಾರವಾಡದಾಗ ಇದ್ದೀನಿ ಅನ್ನೋದಕ್ಕ ಇಂಗ್ಲಿಷಿನ್ಯಾಗ ಕ್ರಿಯಾಪದ ತಿರುಚಬೇಕು, ಫ್ರೆಂಚಿನ್ಯಾಗ ಕನ್ನಡದ ಹಂಗ ವರ್ತಮಾನ ಕಾಲನ ಸಾಕು: 'ಜಾಬಿತ್ ಆ ಧಾರವಾಡ್ ದಪುಯಿ ದ್ಯೂ ಝಾಂ'. ಇದು ನನಗ ಭಾಳ ಸೇರಿದ ಜಾಗ.

'ತು', 'ವು' ಅಂದ್ರ 'ನೀ', 'ನೀವು', ಒಬ್ಬರಿಗೆ ಮರ್ಯಾದಿ ಕೊಟ್ಟರೂ ಕ್ರಿಯಾಪದ ಬಹುವಚನನ, ನಮ್ಮ 'ಬರ್ರಿ' ಇದ್ದಂಗ. ಅಲ್ಲೆ ಮಕ್ಕಳು ಅಪ್ಪಗೂ ಸಾಮಾನ್ಯ 'ತು' ಅಂತಾರ, ನಮ್ಮ ಎಷ್ಟೋ ಮನ್ಯಾಗ ಅಪ್ಪಗ 'ನೀವು', ಅದೊಂದು ಫರಕ್ ನೆನಪಿಡ್ರಿ.

ಈಗ 'ಗೊತ್ತು'. 'ಸಾವ್ವಾರ್', 'ಕೊನೆತ್ರ್' ಎರಡಕ್ಕೂ ಡಿಕ್ಷನರಿ ಒಂದ ಅರ್ಥ ಕೊಡತೈತಿ, ಅಲ್ಲೇ ಗೊಂದಲ. ಈಜಾಕ ಬರತೈತಿ, ಅಡಗಿ ಮಾಡಾಕ ಬರತೈತಿ ಅಂತ 'ಬರತೈತಿ' ಬರೋ ಕಡೆ 'ಸಾವ್ವಾರ್' ('ಜ ಸೆ ನಾಜೆ'), ಅಂವ ಊರಾಗಿಲ್ಲ ಅಂತ ಗೊತ್ತು ಅನ್ನೋ ಹಂಗ ಪೂರ್ತಿ ಮಾತಿದ್ರೂ ಅದ. ಮಂದಿದು, ಊರಿಂದು ಪರಿಚಯ ಇದ್ರ 'ಕೊನೆತ್ರ್'. ಹುಬ್ಬಳ್ಳಿ ನನಗ ಗೊತ್ತು ಅಂದ್ರ 'ಜ ಕೊನೆ ಹುಬ್ಬಳ್ಳಿ'.

ಕನ್ನಡ ಕೈಕೊಡೋದು ಲಿಂಗದಾಗ. ನಮಗ ಕುರ್ಚಿ, ಟೇಬಲ್ ಎಲ್ಲಾ 'ಅದು', ಅಲ್ಲೆ ಗಂಡು-ಹೆಣ್ಣು ಐತಿ, ಗಂಡು ಪದಕ್ಕ 'ಲ', ಹೆಣ್ಣು ಪದಕ್ಕ 'ಲಾ': 'ಲಾ ತೂರ್' ಅಂದ್ರ ಗೋಪುರ, ಐಫೆಲ್‌ದು, 'ಲ ತೂರ್' ಅಂದ್ರ ಸುತ್ತು, ಸೈಕಲ್ ರೇಸ್ ತೂರ್ ದ ಫ್ರಾನ್ಸ್ ಇದ. ಹಂಗಾಗಿ ಪದ ಒಂದನ್ನ ಬರಕೋಬ್ಯಾಡ್ರಿ, 'ಲ' ಇಲ್ಲಾ 'ಲಾ' ಹಚ್ಚೇ ಬರಕೋರಿ, ಧಾರವಾಡ-ಹುಬ್ಬಳ್ಳಿ ನಡುವ ಓಡೋ ಚಿಗರಿ ಬಸ್ಸಿನ್ಯಾಗ ಕುಂತು ಬಾಯಿಬಿಟ್ಟು ಅನ್ಕೋಂತ ಬಂದ್ರ ಹುಬ್ಬಳ್ಳಿ ಬರೋದ್ರಾಗ ಇಪ್ಪತ್ತು ಪದ ಆಗತಾವು.

ಇಂಗ್ಲಿಷ್ ಮುಖ ಹೊತ್ತು ಬೇರೆ ಅರ್ಥ ಕೊಡೋ ಪದ ಒಂದಷ್ಟು ಅದಾವು. 'ಲಿಬ್ರೆರಿ' ಪುಸ್ತಕದ ಅಂಗಡಿ, ಲೈಬ್ರರಿ ಬೇಕಂದ್ರ 'ಬಿಬ್ಲಿಯೊತೆಕ್'. 'ಮೊನೆ' ಅಂದ್ರ ಚಿಲ್ಲರೆ. ಪರೀಕ್ಷೆ 'ಪಾಸೆ' ಅಂದ್ರ ಬರ್ಯೋದಷ್ಟ, ಪಾಸಾಗೋದಕ್ಕ 'ರೆಯುಸೀರ್' ಬೇಕು, ಅದಕ್ಕ ರಿಸಲ್ಟ್ ಬರೋಕಿಂತ ಮೊದಲ 'ಪಾಸೆ' ಅಂತ ಮನ್ಯಾಗ ಹೇಳಿದ್ರ ಸುಳ್ಳಲ್ಲ.