ಹಳೆ ಕಾರಿಗೆ ಸನ್‌ರೂಫ್: ಕೊಯ್ದ ಅಂಚಿನ ಕಡೆ ಗಮನವಿರಲಿ

ಹಳೆ ಸ್ಯಾಂಟ್ರೋ, ಝೆನ್, ಹೋಂಡಾ ಸಿಟಿಗೆ ಹೊರಗಿನಿಂದ ಸನ್‌ರೂಫ್ ಹಾಕಿಸಿದವರಿಗೆ ಒಂದೆರಡು ಮಳೆಗಾಲದೊಳಗೆ ಒಂದೇ ತೊಂದರೆ ಶುರುವಾಗುತ್ತದೆ. ಒಳಗಿನ ಲೈನಿಂಗ್ ಮೇಲೆ ಕಂದು ಕಲೆ ಮೂಡುತ್ತದೆ, ಚೌಕಟ್ಟಿನ ಸುತ್ತ ಬಣ್ಣ ಉಬ್ಬುತ್ತದೆ. ಗಾಜಿನ ರಬ್ಬರ್ ಬದಲಾಯಿಸಿದರೂ ನಿಲ್ಲುವುದಿಲ್ಲ, ಏಕೆಂದರೆ ತಪ್ಪಾಗಿರುವುದು ತಗಡು ಕೊಯ್ದ ದಿನವೇ. ಅಂಚಿಗೆ ಪ್ರೈಮರ್ ಬಳಿಯದೆ ಆತುರದಲ್ಲಿ ಚೌಕಟ್ಟು ಕೂರಿಸಿರುತ್ತಾರೆ.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ವಿಮಾ ಕಂಪನಿಗೂ ಪತ್ರ ಬರೆಯಿರಿ. ಉತ್ತರ ಕೈಸೇರುವ ತನಕ ಟಾಪ್‌ಗೆ ಬ್ಲೇಡ್ ತಾಗಿಸಬೇಡಿ. ‘ಏನೂ ಆಗಲ್ಲ ಸಾರ್’ ಎಂಬ ಅಂಗಡಿಯವರ ಭರವಸೆ ವಿಮೆ ಕ್ಲೇಮ್ ಹೊತ್ತಿಗೆ ನೆರವಿಗೆ ಬರುವುದಿಲ್ಲ. ಟಾಪ್ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರು, ಒಮ್ಮೆ ಪಲ್ಟಿಯಾಗಿ ಟಿಂಕರಿಂಗ್ ಆದ ಕಾರು ಎರಡಕ್ಕೂ ಈ ಕೆಲಸ ಬೇಡವೇ ಬೇಡ.

ಹಳೆ ಕಾರಿಗೆ ಪಾಪ್-ಅಪ್ ಮಾದರಿಯೇ ಸರಿ. ಕೈಯಿಂದ ಹಿಂಬದಿ ಎತ್ತುವ ಗಾಜು, ಮೇಲೊಂದು ಚೌಕಟ್ಟು, ಕೆಳಗೊಂದು ಬಿಗಿಯುವ ಬಳೆ, ಇಷ್ಟೇ. ಗುಜರಿಯಿಂದ ತಂದ ಮೋಟಾರ್ ಸನ್‌ರೂಫ್ ಕೂರಿಸುತ್ತೇವೆ ಎನ್ನುವವರಿದ್ದಾರೆ. ಅದಕ್ಕೆ ನೀರು ಹರಿದುಹೋಗುವ ಪೈಪುಗಳನ್ನು ಕಂಬಗಳೊಳಗೆ ಇಳಿಸಬೇಕು, ತಲೆಯ ಮೇಲಿನ ಜಾಗವೂ ಕಡಿಮೆಯಾಗುತ್ತದೆ. ಆ ಗೋಜಿಗೆ ಹೋಗಬೇಡಿ. ಕಿಟ್ ಕೊಳ್ಳುವಾಗ ಗಾಜಿನ ಮೂಲೆ ನೋಡಿ. ವಾಹನಕ್ಕೆ ತಕ್ಕ ಸುರಕ್ಷತಾ ಗಾಜು ಎಂದು ತೋರಿಸುವ ಐಎಸ್ 2553 ಅಥವಾ 43ಆರ್ ಗುರುತು ಇಲ್ಲದ ಗಾಜನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಚೌಕಟ್ಟನ್ನು ನಿಮ್ಮ ಕಾರಿನ ಟಾಪ್ ಮೇಲೆ ಇಟ್ಟು ನೋಡಿಯೇ ದುಡ್ಡು ಕೊಡಿ. ಅಂಬಾಸಿಡರ್‌ನಂಥ ದುಂಡು ಟಾಪ್ ಮೇಲೆ ಚಪ್ಪಟೆ ಚೌಕಟ್ಟು ಮೂಲೆಗಳಲ್ಲಿ ಎದ್ದು ನಿಲ್ಲುತ್ತದೆ. ಆ ಸಂದನ್ನು ಸೀಲೆಂಟ್ ತುಂಬಿ ಮುಚ್ಚಲಾಗದು.

ಬ್ಯಾಟರಿ ಕಳಚಿ, ಒಳದೀಪ ಮತ್ತು ಸನ್‌ವೈಸರ್ ಬಿಚ್ಚಿ, ಲೈನಿಂಗ್ ಇಳಿಸಿ. ಈಗ ಟಾಪ್ ಒಳಗಿನ ಅಡ್ಡಪಟ್ಟಿಗಳು ಕಾಣುತ್ತವೆ. ಟಾಪ್ ಕುಸಿಯದಂತೆ ಹಿಡಿದಿರುವುದು ಅವೇ. ರಂಧ್ರ ಎರಡು ಪಟ್ಟಿಗಳ ನಡುವೆಯೇ ಬರಬೇಕು. ಕಿಟ್ ದೊಡ್ಡದಾಯಿತೆಂದು ಪಟ್ಟಿ ಕತ್ತರಿಸುವುದಕ್ಕಿಂತ ಚಿಕ್ಕ ಕಿಟ್ ತನ್ನಿ. ಟಾಪ್‌ಗೆ ಎರಡು ಇಂಚಿನ ಮಾಸ್ಕಿಂಗ್ ಟೇಪ್ ಅಂಟಿಸಿ, ಎಡ ಬಲ ಅಂಚುಗಳಿಂದ ಅಳೆದು ನಡುಗೆರೆ ಎಳೆದು, ಕಿಟ್ ಜತೆ ಬಂದ ಕಾಗದದ ಅಚ್ಚನ್ನು ಅದಕ್ಕೆ ಹೊಂದಿಸಿ. ಗೆರೆಯ ಒಳಗೆ ನಾಲ್ಕು ಮೂಲೆಯಲ್ಲೂ 3 ಮಿ.ಮೀ. ತೂತು ಕೊರೆದು, ಒಳಗಿನಿಂದ ನೋಡಿ. ಪಟ್ಟಿಗಾಗಲೀ ವೈರಿಗಾಗಲೀ ತೂತು ಹತ್ತಿರವಿದ್ದರೆ ಇನ್ನೂ ಸರಿಪಡಿಸಬಹುದು, ತೂತಿದ್ದ ತಗಡು ಹೇಗೂ ಹೊರಗೆ ಬರುತ್ತದೆ.

ಕೊಯ್ಯಲು ಗ್ರೈಂಡರ್ ಹಿಡಿಯುವವರಿಗೆ ಕಾರು ಕೊಡಬೇಡಿ. ಅದರ ಕಿಡಿ ಗಾಜಿಗೂ ಬಣ್ಣಕ್ಕೂ ಬಿದ್ದು ಅಲ್ಲೇ ಅಂಟಿ ತುಕ್ಕಿನ ಚುಕ್ಕಿಯಾಗುತ್ತದೆ. ಬಿಸಿಗೆ ಅಂಚಿನ ಬಣ್ಣ ಸುಟ್ಟುಹೋಗುತ್ತದೆ. ಇಂಚಿಗೆ 24 ಅಥವಾ 32 ಹಲ್ಲಿನ ಲೋಹ ಕೊಯ್ಯುವ ಬ್ಲೇಡ್ ಹಾಕಿದ ಜಿಗ್‌ಸಾ (ಕರೆಂಟಿನ ಕೈಗರಗಸ) ಬಳಸಿ. ಅದರ ಅಡಿತಟ್ಟೆಗೂ ಟೇಪ್ ಸುತ್ತಿ, ಇಲ್ಲದಿದ್ದರೆ ಟಾಪ್ ಉದ್ದಕ್ಕೂ ಗೀರು ಬೀಳುತ್ತದೆ. ಸೀಟು, ಡ್ಯಾಶ್‌ಬೋರ್ಡ್ ಮೇಲೆ ಹಳೆ ಹೊದಿಕೆ ಮುಚ್ಚಿ. ಗೆರೆಗಿಂತ 2 ಮಿ.ಮೀ. ಒಳಗೆ ಕೊಯ್ದು, ಉಳಿದದ್ದನ್ನು ಅರದಿಂದ ತಿಕ್ಕಿ ಗೆರೆಗೆ ತನ್ನಿ. ಮೂರು ಬದಿ ಮುಗಿದ ಮೇಲೆ ಇನ್ನೊಬ್ಬರು ಒಳಗಿನಿಂದ ತಗಡನ್ನು ಎತ್ತಿ ಹಿಡಿದಿರಬೇಕು. ಜೋತುಬಿದ್ದರೆ ಕೊನೆಯ ಎರಡು ಇಂಚು ಹರಿದು ಟಾಪ್ ತಗ್ಗಾಗುತ್ತದೆ.

ಇನ್ನು ಅಂಚು. ಕೊಯ್ದ ಜಾಗದಲ್ಲಿ ಬೆಳ್ಳಿಯ ಗೆರೆಯಂತೆ ಹೊಳೆಯುವುದು ಬರಿಯ ಉಕ್ಕು. ಕರಾವಳಿಯ ಗಾಳಿಯಲ್ಲಿ ಅದು ಒಂದೇ ರಾತ್ರಿಯಲ್ಲಿ ಕೆಂಪಾಗಬಹುದು. ಅರದಿಂದ ಎರಡೂ ಕಡೆಯ ಮುಳ್ಳು ತೆಗೆದು, ಬೆರಳಿಗೆ ಬಟ್ಟೆ ಸುತ್ತಿ ಅಂಚಿನುದ್ದಕ್ಕೂ ಎಳೆಯಿರಿ. ಎಲ್ಲಾದರೂ ದಾರ ಸಿಕ್ಕಿಕೊಂಡರೆ ಅಲ್ಲಿ ಇನ್ನೂ ಮುಳ್ಳಿದೆ, ಅಂಥ ಚೂಪಾದ ಕಡೆ ಬಣ್ಣ ನಿಲ್ಲುವುದಿಲ್ಲ. ಥಿನ್ನರ್‌ನಿಂದ ಒರೆಸಿ, ಎಪಾಕ್ಸಿ ಪ್ರೈಮರ್ ಅನ್ನು ಕುಂಚದಿಂದ ಎರಡು ಸಲ ಬಳಿಯಿರಿ. ಸ್ಪ್ರೇ ಕ್ಯಾನ್ ಬೇಡ, ತಗಡಿನ ದಪ್ಪದ ಮೇಲೆ ಅದು ತೆಳ್ಳಗೆ ಕೂರುತ್ತದೆ. ಮೇಲಿನಷ್ಟೇ ಕೆಳಗಿನ ಬದಿಗೂ ಒಂದಿಂಚು ಅಗಲ ಬಳಿದು, ಒಣಗಿದ ಮೇಲೆ ಕಾರಿನ ಬಣ್ಣ ಹಚ್ಚಿ, ಇಡೀ ಒಂದು ದಿನ ಬಿಡಿ. ‘ಸಂಜೆಗೆ ಗಾಡಿ ಕೊಡ್ತೀವಿ’ ಎನ್ನುವ ಗ್ಯಾರೇಜು ಈ ಹಂತವನ್ನೇ ನುಂಗಿಹಾಕುತ್ತದೆ. ಈ ನಡುವೆ ತಗಡಿನ ಪುಡಿಯನ್ನು ವ್ಯಾಕ್ಯೂಮ್ ಮಾಡಿ, ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಟಾಪ್ ಮೇಲೂ ಕಾರ್ಪೆಟ್ ಮೇಲೂ ಸವರಿ. ಉಳಿದ ಒಂದೊಂದು ಚೂರೂ ಇಬ್ಬನಿಗೆ ತುಕ್ಕಿನ ಕಲೆ ಬಿಡುತ್ತದೆ.

ಚೌಕಟ್ಟಿನ ಕೆಳಗೆ ಗಟ್ಟಿಯಾಗದ ಬ್ಯೂಟೈಲ್ ಟೇಪ್ (ಮೆತ್ತನೆಯ, ಅಂಟುವ ರಬ್ಬರ್ ಪಟ್ಟಿ) ಸುತ್ತಿ, ಅದರ ಎರಡು ತುದಿ ಹಿಂಬದಿಯಲ್ಲಿ ಸೇರಲಿ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಆ ವಾಸನೆ ಆಮ್ಲದ್ದು, ಉಕ್ಕನ್ನು ತಿನ್ನುತ್ತದೆ. ಅದು ತಾಗಿದ ಕಡೆ ಮುಂದೆ ಬಣ್ಣವೂ ಹಿಡಿಯದು. ಒಳಗಿನ ಬಳೆಯ ಸ್ಕ್ರೂಗಳನ್ನು ಕೈಯಿಂದಲೇ, ಎದುರುಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಡ್ರಿಲ್ ಹಿಡಿದು ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಗಾಜು ಒಂದು ಮೂಲೆಯಲ್ಲಿ ಕೂರುವುದೇ ಇಲ್ಲ. ಸುತ್ತಲೂ ಟೇಪ್ ಸಮನಾಗಿ ಹೊರಗೆ ಇಣುಕಿದರೆ ಸಾಕು.

ಲೈನಿಂಗನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ರಂಧ್ರದ ಕೆಳಗೆ ಬರುವ ಭಾಗವನ್ನು ಅಡ್ಡಡ್ಡ ಸೀಳಿ, ಒಂದಿಂಚು ಒಳಮಡಿಸಿ ರಬ್ಬರ್ ಅಂಟಿನಿಂದ ಹಿಡಿಸಿ. ಬಿಳಿ ಅಂಟು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ.

ಗಾಜು ಹಾಕಿದ ಮೇಲೆ ಅದರ ರಬ್ಬರಿಗೆ ಸೀಮೆಸುಣ್ಣ ತಿಕ್ಕಿ, ಮುಚ್ಚಿ, ಮತ್ತೆ ತೆರೆಯಿರಿ. ಚೌಕಟ್ಟಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲೇ ನೀರು ಬರುವುದು. ಆ ಕಡೆಯ ಹಿಂಜ್ ಅಥವಾ ಚಿಲಕ ಸರಿಹೊಂದಿಸಿ. ಮರುದಿನ ಸೀಟಿನ ಮೇಲೆ ಪತ್ರಿಕೆ ಹಾಸಿ, ಪೈಪಿನ ನೀರನ್ನು ಮೆಲ್ಲಗೆ, ಮೊದಲು ಚೌಕಟ್ಟಿನ ಬುಡಕ್ಕೆ, ಆಮೇಲೆ ಗಾಜಿನ ಮೇಲಕ್ಕೆ ಹತ್ತು ನಿಮಿಷ ಬಿಡಿ. ಪ್ರೆಷರ್ ವಾಷರ್ ಈಗಲೇ ಬೇಡ. ಬುಡಕ್ಕೆ ಬಿಟ್ಟಾಗಲೇ ಪತ್ರಿಕೆ ನೆಂದರೆ ಬ್ಯೂಟೈಲ್ ಸರಿ ಕೂತಿಲ್ಲ, ಚೌಕಟ್ಟು ಬಿಚ್ಚಲೇಬೇಕು. ಮೇಲಿನಿಂದ ಬಿಟ್ಟಾಗ ಮಾತ್ರ ನೆಂದರೆ ರಬ್ಬರಿನದು, ಮತ್ತೊಮ್ಮೆ ಸೀಮೆಸುಣ್ಣ ಹಚ್ಚಿ ನೋಡಿ. ಹದಿನೈದು ದಿನ ಬಿಸಿಲು ಕಂಡ ಮೇಲೆ ಬ್ಯೂಟೈಲ್ ಇನ್ನಷ್ಟು ಕುಗ್ಗಿರುತ್ತದೆ. ಆಗ ಸ್ಕ್ರೂಗಳನ್ನು ಅದೇ ಕ್ರಮದಲ್ಲಿ ಇನ್ನೊಮ್ಮೆ ನೋಡಿ, ಸಡಿಲವಿದ್ದದ್ದನ್ನು ಮಾತ್ರ ಕಾಲು ಸುತ್ತು ಬಿಗಿಯಿರಿ.