ಆತಿಥೇಯರ ಮನೆ, ಬೆಟ್ಟದ ಹಾದಿ: ಇಬ್ಬರು ಸ್ನೇಹಿತರ ಮಿತವ್ಯಯದ ಪ್ರವಾಸಕ್ಕೆ ಕೈಪಿಡಿ

ಕಡಿಮೆ ದುಡ್ಡಿನಲ್ಲಿ ಹಲವು ದಿನ ಸುತ್ತಬೇಕೆನ್ನುವವರು ಮೊದಲು ಇಳಿಸಬೇಕಾದದ್ದು ವಸತಿಯ ಖರ್ಚನ್ನು. ಟಿಕೆಟ್ಟಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಕೋಣೆಯ ಬಾಡಿಗೆಯಾದರೋ ಪ್ರತಿ ರಾತ್ರಿಯೂ ಏರುತ್ತಲೇ ಹೋಗುತ್ತದೆ. ಊರಿನವರ ಮನೆಯಲ್ಲಿ ಅತಿಥಿಗಳಾಗಿ ಉಳಿದುಕೊಂಡು, ಹಗಲನ್ನು ಬೆಟ್ಟ, ಕಾಡು, ಹೊಳೆಯ ದಂಡೆಗಳಲ್ಲಿ ಕಳೆಯುವ ಇಬ್ಬರು ಸ್ನೇಹಿತರಿಗೆ ಈ ಬಾಡಿಗೆ ಬಹುಮಟ್ಟಿಗೆ ಉಳಿಯುತ್ತದೆ. ಹಾಗೆಂದು ಅಂಥ ವಸತಿ ಪುಕ್ಕಟೆಯೆಂದು ತಿಳಿಯಬಾರದು. ಆತಿಥೇಯರು ತಮ್ಮ ಸಂಜೆಯನ್ನು, ಅಡುಗೆಮನೆಯನ್ನು, ಒಂದಿಷ್ಟು ಏಕಾಂತವನ್ನು ಬಿಟ್ಟುಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಅತಿಥಿಗಳು ಕೊಡಬೇಕಾದದ್ದು ತಮ್ಮ ಸಮಯವನ್ನು. ಈ ಲೆಕ್ಕವನ್ನು ಒಪ್ಪಿಕೊಂಡು ದಿನಚರಿಯನ್ನು ಹೊಂದಿಸಿಕೊಳ್ಳುವವರಿಗೆ ಮಾತ್ರ ಈ ಬಗೆಯ ಪ್ರವಾಸ ಒಗ್ಗುತ್ತದೆ. ರಾತ್ರಿ ತಡವಾಗಿ ಬಂದು ಮಲಗಿ, ಬೆಳಿಗ್ಗೆ ಎದ್ದು ಹೊರಟುಬಿಡುವುದಷ್ಟೇ ಬೇಕಿದ್ದರೆ ಹಾಸ್ಟೆಲ್ಲಿನ ಒಂದು ಹಾಸಿಗೆಗೆ ದುಡ್ಡು ಕೊಡುವುದೇ ಮೇಲು.

ಹೊರಡುವ ಮುನ್ನ ಇಬ್ಬರೂ ಕುಳಿತು ದುಡ್ಡಿನ ಮಾತನ್ನು ಮುಗಿಸಿಕೊಳ್ಳಬೇಕು. ಇಬ್ಬರಲ್ಲಿ ಯಾರ ಕೈ ಬಿಗಿಯಾಗಿದೆಯೋ ಅವರ ಮಿತಿಯೇ ಇಬ್ಬರ ಮಿತಿಯಾಗಬೇಕು. ಇಲ್ಲವಾದರೆ ಒಬ್ಬರು ಪ್ರತಿದಿನ ಸಂಕೋಚಪಡುತ್ತಾರೆ, ಇನ್ನೊಬ್ಬರು ಪ್ರತಿದಿನ ಉಪಕಾರ ಮಾಡುತ್ತಿರುವಂತೆ ಭಾವಿಸತೊಡಗುತ್ತಾರೆ. ಪ್ರಯಾಣ, ದಿನಸಿ, ಆತಿಥೇಯರಿಗೆ ಕೊಡುವ ಉಡುಗೊರೆ ಇವಿಷ್ಟಕ್ಕೂ ಇಬ್ಬರೂ ಸಮನಾಗಿ ಹಾಕಿದ ಒಂದು ಸಾಮಾನ್ಯ ಗಂಟು ಇರಲಿ, ಅದು ಒಬ್ಬರ ಕೈಯಲ್ಲೇ ಇರಲಿ. ಸ್ವಂತದ ಖರೀದಿ ಅವರವರದು. ಚಿಲ್ಲರೆ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಚುಕ್ತಾ ಮಾಡಿದರೆ ಸಾಕು, ಊಟಕ್ಕೆ ಕುಳಿತಾಗಲೆಲ್ಲ ಭಾಗಾಕಾರ ಮಾಡುವ ಅಗತ್ಯವಿಲ್ಲ. ಹಾಗೆಯೇ, ಆಗಾಗ ಒಂದು ಹಗಲು ಇಬ್ಬರೂ ಬೇರೆಬೇರೆಯಾಗಿ ಸುತ್ತುವುದೆಂದು ಮೊದಲೇ ನಿಗದಿಪಡಿಸಿಕೊಳ್ಳುವುದು ಒಳ್ಳೆಯದು. ಜಗಳವಾದ ಮೇಲೆ ಬೇರೆಯಾಗಿ ಹೋಗುವುದಕ್ಕೂ ಒಪ್ಪಂದದಂತೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಆತಿಥೇಯರನ್ನು ಹುಡುಕಲು ಹಲವು ಜಾಲಗಳಿವೆ, ಒಂದೊಂದರ ಸ್ವಭಾವವೂ ಬೇರೆ. 1949ರಲ್ಲಿ ಆರಂಭವಾದ ಸರ್ವಾಸ್ ಶಾಂತಿಯ ಉದ್ದೇಶದಿಂದ ಹುಟ್ಟಿದ ಸಂಸ್ಥೆ. ಅಲ್ಲಿ ಪ್ರವಾಸಿಗರನ್ನು ಸಂದರ್ಶಿಸಿ ಪರಿಚಯಪತ್ರ ಕೊಡುವ ಪದ್ಧತಿಯಿದೆ, ವಾಸ್ತವ್ಯ ಸಾಮಾನ್ಯವಾಗಿ ಎರಡು ರಾತ್ರಿಗಳದ್ದು. 2004ರಲ್ಲಿ ಜಾಲತಾಣವಾಗಿ ತೆರೆದುಕೊಂಡ ಕೌಚ್‌ಸರ್ಫಿಂಗ್ ಹೆಚ್ಚು ಪ್ರಸಿದ್ಧವಾದರೂ 2020ರಿಂದ ಅನೇಕ ದೇಶಗಳ ಸದಸ್ಯರಿಂದ ಶುಲ್ಕ ಪಡೆಯುತ್ತಿದೆ. ಬಿವೆಲ್ಕಮ್ ಸ್ವಯಂಸೇವಕರು ನಡೆಸುವ ಉಚಿತ ಜಾಲ. ಸೈಕಲ್ಲಿನಲ್ಲಿ ದೂರ ಹೋಗುವವರಿಗೆ ವಾರ್ಮ್‌ಶವರ್ಸ್ ಇದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕೊಪಾರ್ಡ್ ಆರಂಭಿಸಿದ ವೂಫ್ ಜಾಲದಲ್ಲಿ ಸಾವಯವ ಜಮೀನುಗಳಲ್ಲಿ ದಿನಕ್ಕೆ ಕೆಲವು ಗಂಟೆ ದುಡಿದು ಊಟ, ವಸತಿ ಪಡೆಯಬಹುದು. ಒಂದೇ ಕಡೆ ವಾರಗಟ್ಟಲೆ ಇದ್ದು ಸುತ್ತಲಿನ ಗುಡ್ಡಗಳನ್ನೆಲ್ಲ ಹತ್ತಬೇಕೆನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಆದರೆ ಸಂಬಳವಿಲ್ಲದ ಈ ದುಡಿಮೆಯನ್ನೂ ಕೆಲವು ದೇಶಗಳು ಪ್ರವಾಸಿ ವೀಸಾದಲ್ಲಿ ಒಪ್ಪುವುದಿಲ್ಲವಾದ್ದರಿಂದ ವೀಸಾದ ನಿಯಮವನ್ನು ಮೊದಲೇ ಓದಿಕೊಳ್ಳಬೇಕು.

ಇಬ್ಬರಿಗೆ ಜಾಗ ಕೇಳುವುದು ಒಬ್ಬರಿಗೆ ಕೇಳುವುದಕ್ಕಿಂತ ಕಷ್ಟ, ಏಕೆಂದರೆ ಬಹಳ ಮನೆಗಳಲ್ಲಿ ಇರುವುದು ಒಂದೇ ಸೋಫಾ. ಆದ್ದರಿಂದ ಇಬ್ಬರೂ ತಮ್ಮ ತಮ್ಮ ಖಾತೆಯನ್ನು ಪೂರ್ತಿಯಾಗಿ ತುಂಬಿಸಿ, ಒಬ್ಬರು ಬರೆಯುವ ಪತ್ರದಲ್ಲಿ ಇನ್ನೊಬ್ಬರ ಖಾತೆಯ ಕೊಂಡಿಯನ್ನೂ ಕೊಡಬೇಕು. ಆತಿಥೇಯರು ತಮ್ಮ ಬಗ್ಗೆ ಬರೆದುಕೊಂಡದ್ದನ್ನು ಓದಿಯೇ ಈ ಪತ್ರ ಬರೆದದ್ದೆಂದು ಅದರಲ್ಲಿ ಕಾಣಬೇಕು. ಹತ್ತು ಜನರಿಗೆ ಕಳಿಸಿದ ಒಂದೇ ಒಕ್ಕಣೆಯನ್ನು ಯಾರಾದರೂ ಗುರುತಿಸುತ್ತಾರೆ. ಪತ್ರ ಹೀಗಿರಬಹುದು: "ನಾವು ಇಬ್ಬರು ಸ್ನೇಹಿತರು, 14ನೇ ತಾರೀಖಿನ ಸಂಜೆ ಆರು ಗಂಟೆಗೆ ಬಂದು 16ರ ಬೆಳಿಗ್ಗೆ ಹೊರಡುತ್ತೇವೆ. ಮಲಗುಚೀಲ, ಚಾಪೆ ನಮ್ಮಲ್ಲೇ ಇವೆ, ನೆಲದ ಮೇಲೆ ಜಾಗವಿದ್ದರೂ ಸಾಕು. ನೀವು ಪಕ್ಷಿವೀಕ್ಷಕರೆಂದು ಬರೆದುಕೊಂಡಿದ್ದೀರಿ. 15ರಂದು ನಾವು ಕೆರೆಯ ಸುತ್ತ ನಡೆಯಬೇಕೆಂದಿದ್ದೇವೆ, ಬಿಡುವಿದ್ದರೆ ನೀವೂ ಬನ್ನಿ. ಒಂದು ರಾತ್ರಿಯ ಅಡುಗೆ ನಮ್ಮದು. ಅನುಕೂಲವಾಗದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ." ತಾರೀಖು, ಬರುವ ವೇಳೆ, ಮಲಗುವ ವ್ಯವಸ್ಥೆ, ಹೊರಡುವ ದಿನ ಇವು ನಾಲ್ಕೂ ಇರುವ ಪತ್ರಕ್ಕೆ ಹೌದೋ ಅಲ್ಲವೋ ಎಂದು ಉತ್ತರಿಸುವುದು ಸುಲಭ.

ಮನೆಯನ್ನು ಆರಿಸುವಾಗ ಹಿಂದಿನ ಅತಿಥಿಗಳು ಬರೆದ ಅಭಿಪ್ರಾಯಗಳನ್ನು, ಅದರಲ್ಲೂ ತಮ್ಮಂಥ ಪ್ರವಾಸಿಗರು ಬರೆದವನ್ನು ಗಮನವಿಟ್ಟು ಓದಬೇಕು. ಹೊಗಳಿಕೆಯ ಮಧ್ಯೆ ನುಸುಳಿರುವ ಒಂದು ಹಿಂಜರಿಕೆಯ ವಾಕ್ಯ ಹಲವು ಮೆಚ್ಚುಗೆಗಳಿಗಿಂತ ಹೆಚ್ಚು ಹೇಳುತ್ತದೆ. ಆತಿಥೇಯರ ವಿಳಾಸ, ಫೋನ್ ನಂಬರುಗಳನ್ನು ಮನೆಯವರೊಬ್ಬರಿಗೆ ಕಳಿಸಿಡಬೇಕು. ಇಬ್ಬರ ಮಧ್ಯೆ ಒಂದು ಗುಟ್ಟಿನ ಮಾತು ಗೊತ್ತಾಗಿರಲಿ: ಒಬ್ಬರು ಅದನ್ನು ಆಡಿದೊಡನೆ ಇನ್ನೊಬ್ಬರು ಕಾರಣ ಕೇಳದೆ ಚೀಲ ಎತ್ತಿಕೊಳ್ಳಬೇಕು. ಇದು ಸಾಧ್ಯವಾಗಬೇಕಾದರೆ ಕೊನೆಯ ಗಳಿಗೆಯಲ್ಲಿ ಒಂದು ರಾತ್ರಿಯ ಕೋಣೆ ಹಿಡಿಯುವಷ್ಟು ದುಡ್ಡು ಸಾಮಾನ್ಯ ಗಂಟಿನ ಹೊರಗೆ, ಮುಟ್ಟದಂತೆ, ಇರಲೇಬೇಕು. ಆತಿಥೇಯರೇ ಕಡೇ ಘಳಿಗೆಯಲ್ಲಿ ಬೇಡವೆಂದಾಗಲೂ ಕೈಹಿಡಿಯುವುದು ಅದೇ ದುಡ್ಡು.

ಹೇಳಿದ ಹೊತ್ತಿಗೆ ಹೋಗಿ ಮನೆ ಸೇರುವುದು ಮೊದಲ ಮರ್ಯಾದೆ. ಸೇರಿದ ಕೂಡಲೇ ಬಚ್ಚಲುಮನೆ ಯಾವ ಹೊತ್ತಿಗೆ ಬಿಡುವಾಗಿರುತ್ತದೆ, ಬಾಗಿಲ ಬೀಗ ಹೇಗೆ, ರಾತ್ರಿ ಎಷ್ಟು ಹೊತ್ತಿನೊಳಗೆ ಮರಳಬೇಕು, ಅಡುಗೆಮನೆಯಲ್ಲಿ ಏನನ್ನು ಬಳಸಬಹುದು ಎಂದು ಕೇಳಿ ತಿಳಿದುಕೊಂಡರೆ ಮುಂದಿನ ಮುಜುಗರಗಳು ತಪ್ಪುತ್ತವೆ. ಮೊದಲ ಸಂಜೆಯನ್ನು ಪೂರ್ತಿಯಾಗಿ ಮನೆಯವರಿಗೇ ಮೀಸಲಿಡಬೇಕು. ಜೋಡಿಯಾಗಿ ಬಂದವರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ: ಇಬ್ಬರೂ ತಮ್ಮ ಭಾಷೆಯಲ್ಲೇ ಮಾತಿಗಿಳಿದು ಮನೆಯೊಡೆಯರನ್ನು ಅವರ ಮನೆಯಲ್ಲೇ ಹೊರಗಿನವರನ್ನಾಗಿಸುತ್ತಾರೆ. ಒಬ್ಬರು ಪಾತ್ರೆ ತೊಳೆಯುವಾಗ ಇನ್ನೊಬ್ಬರು ಮನೆಯವರೊಡನೆ ಮಾತಿಗೆ ಕುಳಿತುಕೊಳ್ಳುವಂತೆ ಕೆಲಸ ಹಂಚಿಕೊಂಡರೆ ಎರಡೂ ಸಾಗುತ್ತವೆ. ಇಬ್ಬರ ಚೀಲಗಳೂ ಒಂದೇ ಮೂಲೆಯಲ್ಲಿರಲಿ, ಬೆಳಿಗ್ಗೆ ಹಾಸಿಗೆ ಮಡಿಸಿರಲಿ, ಒದ್ದೆ ಬಟ್ಟೆ ಕುರ್ಚಿಗಳ ಮೇಲೆ ಹರಡಿರದಿರಲಿ. ಎರಡು ಮೂರು ರಾತ್ರಿಗಳಿಗಿಂತ ಹೆಚ್ಚಿನ ವಾಸ್ತವ್ಯವನ್ನು, ಅವರೇ ಒತ್ತಾಯಿಸದ ಹೊರತು, ಕೇಳಬಾರದು.

ಸುತ್ತಲಿನ ಬೆಟ್ಟ ಕಾಡುಗಳ ವಿಷಯದಲ್ಲಿ ಆತಿಥೇಯರಿಗೆ ತಿಳಿದಿರುವಷ್ಟು ಯಾವ ನಕ್ಷೆಗೂ ತಿಳಿದಿರುವುದಿಲ್ಲ. "ನೋಡಲು ಏನೇನಿದೆ" ಎಂಬ ಪ್ರಶ್ನೆಗಿಂತ ಮಳೆ ಬಂದರೆ ಯಾವ ಹಳ್ಳ ದಾಟಲಾಗುವುದಿಲ್ಲ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ, ಅನುಮತಿಪತ್ರ ಬೇಕೇ ಎಂಬ ಪ್ರಶ್ನೆಗಳು ಹೆಚ್ಚು ಉಪಯುಕ್ತ. ಆಮೇಲೆ ಹಾದಿಗೆ ತಗಲುವ ವೇಳೆಯನ್ನು ಲೆಕ್ಕಹಾಕಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಟ್ಟು 12 ಕಿಲೋಮೀಟರ್ ದೂರ, 900 ಮೀಟರ್ ಏರು ಇರುವ ಹಾದಿಗೆ ದೂರದ ಲೆಕ್ಕದಲ್ಲಿ 2 ಗಂಟೆ 24 ನಿಮಿಷ, ಏರಿನ ಲೆಕ್ಕದಲ್ಲಿ ಒಂದೂವರೆ ಗಂಟೆ, ಒಟ್ಟು 3 ಗಂಟೆ 54 ನಿಮಿಷವಾಗುತ್ತದೆ. ಇದು ಎಲ್ಲಿಯೂ ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಊಟ, ವಿಶ್ರಾಂತಿ, ಫೋಟೊ, ಹೆಗಲ ಮೇಲಿನ ಭಾರ ಎಲ್ಲ ಸೇರಿ ಆರು ಗಂಟೆ ಇಟ್ಟುಕೊಳ್ಳುವುದೇ ಕ್ಷೇಮ. ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ, ತುದಿ ಮುಟ್ಟಿರಲಿ ಬಿಡಲಿ, ಮರಳಲೇಬೇಕಾದ ಗಳಿಗೆಯನ್ನು ಗೊತ್ತುಮಾಡಿಕೊಳ್ಳಬೇಕು. ನಿಧಾನವಾಗಿ ನಡೆಯುವವರು ಮುಂದೆ, ಚುರುಕಿನವರು ಹಿಂದೆ. ಹಿಂದಿರುವವರ ಗೊಣಗಾಟವನ್ನು ಕೇಳಿಸಿಕೊಳ್ಳಬಾರದು.

ಹೊರಡುವಾಗ ಒಂದು ಚೀಟಿಯಲ್ಲಿ ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಿನ ತನಕ ಸುದ್ದಿಯಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದು ಆತಿಥೇಯರಿಗೆ ಕೊಡಬೇಕು. ಮರಳಿದೊಡನೆ ಅವರಿಗೆ ತಿಳಿಸುವುದನ್ನು ಮರೆತರೆ ಸುಮ್ಮನೆ ಹುಡುಕಾಟ ಶುರುವಾಗುತ್ತದೆ.

ಸಾಮಾನಿನಲ್ಲಿ ಯಾವುದನ್ನು ಹಂಚಿಕೊಳ್ಳಬಹುದು, ಯಾವುದನ್ನು ಹಂಚಿಕೊಳ್ಳಬಾರದು ಎಂಬುದು ಇಬ್ಬರ ಚಾರಣದಲ್ಲಿ ಮುಖ್ಯ. ಟೆಂಟು, ಒಲೆ, ಪ್ರಥಮ ಚಿಕಿತ್ಸೆಯ ಡಬ್ಬಿ ಇಬ್ಬರಿಗೂ ಒಂದೊಂದೇ ಸಾಕು. ಟೆಂಟಿನ ಬಟ್ಟೆ ಒಬ್ಬರಿಗೆ, ಕಂಬಗಳೂ ಗೂಟಗಳೂ ಇನ್ನೊಬ್ಬರಿಗೆ ಎಂದು ಭಾರವನ್ನು ಹಂಚಿಕೊಳ್ಳಬಹುದು. ಟಾರ್ಚು, ನೀರು, ಸೀಟಿ, ಬೆಚ್ಚನೆಯ ಬಟ್ಟೆ, ಆಫ್‌ಲೈನ್ ನಕ್ಷೆ ಇಳಿಸಿಕೊಂಡ ಫೋನು ಮಾತ್ರ ಇಬ್ಬರಲ್ಲೂ ಬೇರೆಬೇರೆಯಾಗಿರಬೇಕು, ಏಕೆಂದರೆ ಇವು ನಿಜಕ್ಕೂ ಬೇಕಾಗುವುದು ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡಾಗಲೇ. ಎತ್ತರ ಹೆಚ್ಚಿದಂತೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇಳಿಯುವುದರಿಂದ, ಬುಡದಲ್ಲಿ ಬೆವರು ಸುರಿಯುತ್ತಿದೆಯೆಂದು ಸ್ವೆಟರನ್ನು ಮನೆಯಲ್ಲೇ ಬಿಟ್ಟುಹೋಗಬಾರದು. ಹಳ್ಳದ ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ ಕುದಿಸಿ ಕುಡಿಯಬೇಕು. ಮಲವಿಸರ್ಜನೆಗೆ ನೀರಿನಿಂದ, ಹಾದಿಯಿಂದ, ಟೆಂಟಿನಿಂದ 60 ಮೀಟರಿಗೂ ಹೆಚ್ಚು ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಬೇಕು. ಅಪಾಯಕ್ಕೆ ಸಿಕ್ಕಿದರೆ ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು ಅಥವಾ ಟಾರ್ಚು ಮಿಣುಕಿಸಬೇಕು, ಒಂದು ನಿಮಿಷ ನಿಲ್ಲಿಸಿ ಮತ್ತೆ ಹಾಗೆಯೇ ಮಾಡಬೇಕು. ನಿಮಿಷಕ್ಕೆ ಮೂರರಂತೆ ಬರುವ ಸಂಕೇತ ಅದಕ್ಕೆ ಉತ್ತರ.

ಆತಿಥೇಯರ ಮನೆಯಿಂದ ಹೊರಟ ಮೇಲೆ ಉಳಿಯುವ ಕೆಲಸ ಅಭಿಪ್ರಾಯ ಬರೆಯುವುದು. ನೆನಪು ಹಸಿಯಾಗಿರುವಾಗಲೇ, ಎರಡು ಮೂರು ದಿನಗಳೊಳಗೆ, ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಬೇರೆಬೇರೆಯಾಗಿ ಬರೆಯಬೇಕು; ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲಿಳಿಸುವುದು ಬೇಡ. ಮನೆಯವರ ಸೌಜನ್ಯದ ಜೊತೆಗೆ ಮಲಗುವ ಜಾಗ ಇಬ್ಬರಿಗೆ ಸಾಕಾಗುತ್ತದೆಯೇ, ಬಸ್ ನಿಲ್ದಾಣ ಎಷ್ಟು ದೂರ, ಮನೆಯಲ್ಲಿ ನಾಯಿ ಬೆಕ್ಕುಗಳಿವೆಯೇ, ಚಾರಣದ ಹಾದಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಬರೆದರೆ ಮುಂದೆ ಬರುವ ಜೋಡಿಗೆ ಅನುಕೂಲ. ಏನಾದರೂ ಸರಿಬಂದಿರದಿದ್ದರೆ ಅದನ್ನೂ ನಯವಾಗಿ, ಆದರೆ ಮರೆಮಾಚದೆ, ಬರೆಯಬೇಕು.